ಹಸನಬ್ಬರ ಕ್ರೋಟನ್ ಮತ್ತು ನಾನು

ಗಿಡಗಳ ವಿಷಯದಲ್ಲಿ ನಾನು ಸಾಮಾನ್ಯನಲ್ಲ. ಹೈಸ್ಕೂಲಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವನು. ಆದ್ದರಿಂದ ಹೊಸ ಜಾತಿಯ ಗೆರೆ ಎಲೆಯ ಕ್ರೋಟನ್ ಒಂದನ್ನು ಸೃಷ್ಟಿಸಿ, ಅದಕ್ಕೆ ನನ್ನ ಹೆಸರಿಟ್ಟು, ನಮ್ಮ ಊರು ಬಿಜೈಯ ಜನರಿಗೆ ತೋರಿಸುವುದು ನನಗೆ ಬರೇ ರಜೆಯ ಕೆಲಸವೆಂದೇ ತಿಳಿದಿದ್ದೆ.

ಇದಕ್ಕೆ ಕಾರಣ ವಿಜ್ಞಾನವಲ್ಲ, ಹೊಟ್ಟೆಕಿಚ್ಚು. ನಮ್ಮ ಇಗರ್ಜಿಯ ವಾರ್ಷಿಕ ಹಬ್ಬಕ್ಕೆ ಮನೆಮನೆಗಳಿಂದ ಹೂಕುಂಡ ತರಿಸಿ ಪೀಠದ ಮೆಟ್ಟಿಲಿಗೆ ಇಡುವ ರೂಢಿ. ಮೇಲಿನ ಮೆಟ್ಟಿಲು ಯಾವಾಗಲೂ ನನ್ನ ಕ್ರೋಟನಿಗೆ. ಆ ವರ್ಷ ಪಾದ್ರಿಗಳು ನನ್ನ ಗೇಟಿನ ಮುಂದೆಯೇ ನಡೆದು ಪಕ್ಕದ ಹಸನಬ್ಬರ ಮನೆಗೆ ಹೋದರು. ಬಂದರಿನಲ್ಲಿ ಹಗ್ಗದ ಅಂಗಡಿ ಇಟ್ಟಿದ್ದ ಹಸನಬ್ಬರು ಕೊಲಂಬೊದಿಂದ ತಂದಿದ್ದ ಗಿಡವದು. ಹಸುರೆಲೆಯ ಮೇಲೆ ಹಳದಿ, ಕೆಂಪು ಗೆರೆಗಳು. ಒಂದು ಎಲೆಯಂತೆ ಇನ್ನೊಂದಿಲ್ಲ. ಹಬ್ಬದ ದಿನ ಮೇಲಿನ ಮೆಟ್ಟಿಲಲ್ಲಿ ಅದು ನಿಂತಿತ್ತು. ನನ್ನದು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ. ದೇವರು ಕ್ಷಮಿಸಲಿ, ಆ ಪೂಜೆಯಲ್ಲಿ ನಾನು ಬೇಡಿಕೊಂಡದ್ದು ಒಂದೇ: ಅದರ ಎಲೆ ಉದುರಲಿ.

"ಎಷ್ಟು ಚಂದ ಉಂಟಲ್ವಾ ಹಸನಬ್ಬರ ಗಿಡ?" ಎಂದಳು ನನ್ನ ಹೆಂಡತಿ ಸಿಸಿಲಿಯಾ.

"ಅದು ರೋಗ. ಎಲೆಗೆ ರೋಗ ಬಂದ್ರೆ ಹಾಗೆ ಗೆರೆ ಬೀಳ್ತದೆ."

"ಹಾಗಾದ್ರೆ ನಮ್ಮದಕ್ಕೂ ಸ್ವಲ್ಪ ರೋಗ ಬರ್ಲಿ."

ಅಂದೇ ನಿರ್ಧರಿಸಿದೆ. ಹಸನಬ್ಬರ ಗಿಡದ ಪರಾಗವನ್ನು ನನ್ನ ಗಿಡದ ಹೆಣ್ಣುಹೂವಿಗೆ ಮುಟ್ಟಿಸಿ, ಅಪ್ಪನನ್ನು ಮೀರಿಸುವ ಮಗುವನ್ನು ಪಡೆಯುವುದು. ಕೇಳಿದರೆ ಅವರು ಕೊಡುತ್ತಿದ್ದರು. ಆದರೆ ಕೇಳಿದರೆ ಸೋತಂತಲ್ಲವೇ? ಸ್ಟೂಲ್ ಹತ್ತಿ, ಕೋಳಿಗರಿ ಹಿಡಿದು, ಗೋಡೆಯಾಚೆ ಕೈ ಚಾಚಿದೆ. ಕೆಳಗಿನಿಂದ ಯಾರೋ ಹೂಗೊನೆಯನ್ನೇ ಮುರಿದು ನನ್ನ ಕೈಗಿತ್ತರು.

"ಮೊನ್ನೆಯಿಂದ ಇಣುಕ್ತಾ ಇದ್ದೀರಿ ಮಾಸ್ಟ್ರೇ," ಎಂದರು ಹಸನಬ್ಬರು. "ಬೇಕಾದ್ರೆ ಕೇಳುವುದಲ್ವಾ?"

ಉದಾರಿಯಾದ ನೆರೆಯವನಷ್ಟು ಹೊಟ್ಟೆ ಉರಿಸುವವನು ಲೋಕದಲ್ಲಿ ಬೇರೆ ಇಲ್ಲ.

ಪರಾಗಸ್ಪರ್ಶವು ಶಾಸ್ತ್ರೋಕ್ತವಾಗಿ ನೆರವೇರಿತು. ಮುಟ್ಟಿಸಿದ ಗೊನೆಗಳಿಗೆಲ್ಲ ಗುರುತಿಗೆ ಕೆಂಪು ದಾರ ಕಟ್ಟಿದೆ. ಬಹುಪಾಲು ಹೂಗಳು ಉದುರಿದವು. ಉಳಿದವು ಕಾಳುಮೆಣಸಿನ ಗಾತ್ರದ ಕಾಯಿಗಳಾದವು. ತಾನು ಹೆತ್ತಾಗಲೂ ನಾನು ತೊಟ್ಟಿಲಿಗೆ ಅಷ್ಟು ಸಲ ಬಗ್ಗಿ ನೋಡಿರಲಿಲ್ಲ ಎಂದು ಸಿಸಿಲಿಯಾ ಇಂದಿಗೂ ಹೇಳುತ್ತಾಳೆ. ಒಂದು ಸಂಜೆ ಶಾಲೆಯಿಂದ ಬಂದು ನೋಡಿದರೆ, ಅತಿ ಹೆಚ್ಚು ಕಾಯಿಯ ಕೊಂಬೆ ಮನೆಯೊಳಗೆ ದೇವಮಾತೆಯ ಪಟದ ಮುಂದೆ ಹೂದಾನಿಯಲ್ಲಿದೆ!

"ದಾರ ಕಟ್ಟಿ ಇಟ್ಟಿದ್ರಲ್ಲ," ಎಂದಳು ಅವಳು. "ಪಟಕ್ಕೆ ಇಡ್ಲಿಕ್ಕೆ ಅಂತ ಗ್ರಹಿಸಿದೆ."

ಮಾತೆಯೊಡನೆ ಜಗಳವಾಡುವಂತಿಲ್ಲ. ಗೋಡೆಯ ಕಡೆಯ ಕೊಂಬೆಯಲ್ಲಿ ಇನ್ನೂ ಕೆಲವು ಕಾಯಿಗಳಿದ್ದವು. ಬಲಿತ ಕ್ರೋಟನ್ ಕಾಯಿ ಸಿಡಿದು ಬೀಜ ದೂರ ಎಸೆಯುತ್ತದೆಂಬುದು ನನಗೆ ಗೊತ್ತಿತ್ತು. ವಿಜ್ಞಾನಿಯಲ್ಲವೇ! ಹಾಗಾಗಿ ಕಾಯಿಗಳಿಗೆ ಚೀಲ ತೊಡಿಸಬೇಕು. ಬಟ್ಟೆ ತೆಳು ಇರಬೇಕು, ಗಾಳಿಯಾಡಬೇಕು. ಕಪಾಟಿನಲ್ಲಿ ಅಂಥದೊಂದು ಕಪ್ಪು ಜಾಳಿಗೆ ಬಟ್ಟೆ ಸಿಕ್ಕಿತು. ಕತ್ತರಿಸಿ ಚೀಲ ಹೊಲಿದೆ.

ಆದಿತ್ಯವಾರ ಮೊದಲ ಪೂಜೆ ಮುಗಿಸಿ ಬಂದಾಗ ಸಿಸಿಲಿಯಾ ಗಿಡದ ಬಳಿ ನಿಂತಿದ್ದಳು. ಕೈತುಂಬ ಕಪ್ಪು ಚೀಲಗಳು.

"ಇದು ನಾನು ಇಗರ್ಜಿಗೆ ತಲೆಗೆ ಹಾಕುವ ವೇಲ್," ಎಂದಳು. "ಗಿಡಕ್ಕೆ ವೇಲ್, ನನಗೆ ಬರಿತಲೆಯಾ?"

ಸೆರಗು ತಲೆಗೆಳೆದುಕೊಂಡು, ಚೀಲಗಳ ಸಮೇತ, ಎರಡನೆಯ ಪೂಜೆಗೆ ಹೋದಳು. ಕಾಯಿಗಳು ಬಿಸಿಲಿಗೆ ಬರಿಮೈಯಾದವು. ಮಧ್ಯಾಹ್ನವಾದರೂ ನಾನು ಬೇರೆ ಬಟ್ಟೆ ಹುಡುಕುತ್ತಿರುವಾಗಲೇ ಅಂಗಳದಲ್ಲಿ ಟಪ್ ಎಂದಿತು. ಮತ್ತೆ ಟಪ್, ಟಪ್. ಕೊಡೆ ಬಿಡಿಸಿ, ತಲೆಕೆಳಗಾಗಿ ಹಿಡಿದು ಓಡಿದೆ. ಕೊಡೆಗೆ ಬಿದ್ದದ್ದು ಒಂದೇ ಬೀಜ. ಉಳಿದದ್ದೆಲ್ಲ ಗೋಡೆಯಾಚೆ.

ನಮಾಜಿಗೆ ಮುನ್ನ ಕೈಕಾಲು ತೊಳೆಯಲು ಹಸನಬ್ಬರು ಅಲ್ಲೇ ಗೋಡೆಯ ಬುಡದಲ್ಲಿ ನೀರಿನ ಗಿಂಡಿ ಹಿಡಿದು ಕೂತಿದ್ದರು. "ಎಂತ ಮಾಸ್ಟ್ರೇ, ಮಳೆ ಇಲ್ಲದೆ ಕೊಡೆ?"

"ಬಿಸಿಲಲ್ವಾ," ಎಂದೆ.

"ಕೊಡೆ ತಲೆಕೆಳಗೆ ಉಂಟಲ್ಲ."

ನನ್ನ ಬೀಜ ನಿಮ್ಮ ಅಂಗಳದಲ್ಲಿದೆ, ಹೆಕ್ಕಿ ಕೊಡಿ ಎಂದರೆ ಮುಗಿಯುತ್ತಿತ್ತು. ಹೊಟ್ಟೆಕಿಚ್ಚು ಬಾಯಿ ಹೊಲಿದಿತ್ತು.

ಆ ಒಂದು ಬೀಜವನ್ನು ಕುಂಡದಲ್ಲಿ ಬಿತ್ತಿ, ಮಗುವಿನಂತೆ ಸಾಕಿದೆ. ಹಸುರಾಗಿ ಮೊಳೆಯಿತು, ಹಸುರಾಗಿ ಬೆಳೆಯಿತು. ಗೆರೆ ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಕಾದೆ. ಆ ದಿನಗಳಲ್ಲೇ ಹಸನಬ್ಬರು ಗೋಡೆಯಾಚೆಯಿಂದ ಕೂಗಿದರು: "ಮಾಸ್ಟ್ರೇ, ನಾನು ಕಾಲು ತೊಳೆಯುವಲ್ಲಿ ಎಂತದೋ ಹುಟ್ಟಿದೆ. ಸ್ವಲ್ಪ ನೋಡ್ತೀರಾ?"

ಮೇಲಿನಿಂದ ಇಣುಕಿದೆ. ಬೆರಳುದ್ದದ ಹಸುರು. ನನ್ನ ಬೀಜವೇ ಇರಬಹುದೆಂಬ ಸಂಶಯ ಸುಳಿಯಿತು. ಆದರೆ ನನ್ನ ಕೃತಿ ಅವರ ಕಾಲುನೀರಿನಲ್ಲಿ ಬೆಳೆಯುವುದೆಂದರೇನು? ಪಾಠ ಮಾಡುವ ಗತ್ತಿನಲ್ಲಿ ಘೋಷಿಸಿದೆ: "ಕಳೆ. ಕಿತ್ತು ಬಿಸಾಡಿ."

"ಹಾಗಾ? ಆದ್ರೂ ಇರ್ಲಿ. ಹೇಗೂ ನೀರು ಬೀಳ್ತದೆ."

ದಿನಕ್ಕೆ ಐದು ಹೊತ್ತು ನೀರು ಬಿತ್ತು. ಎರಡು ಮಳೆಗಾಲ ಕಳೆಯಿತು. ನನ್ನ ಕುಂಡದ ಗಿಡ ಬಸಳೆಯಂತೆ ಹಸುರಾಗಿಯೇ ಉಳಿಯಿತು. ಆ ಸಲದ ಹಬ್ಬಕ್ಕೆ ಪೀಠದ ಮೇಲಿನ ಮೆಟ್ಟಿಲಲ್ಲಿ ಹೊಸ ಕ್ರೋಟನ್ ನಿಂತಿತ್ತು. ಎಲೆಯ ಅಗಲ ನನ್ನ ಗಿಡದ್ದು, ಗೆರೆ ಹಸನಬ್ಬರದ್ದು. ಜತೆಗೆ ಎರಡರಲ್ಲೂ ಇಲ್ಲದ ಒಂದು ಗುಲಾಬಿ ಬಣ್ಣ. ನಾನು ಕನಸಿನಲ್ಲಿ ಕಂಡ ಗಿಡ ಅದೇ.

ಪೂಜೆ ಮುಗಿದು ಎಲ್ಲರೂ ಅಂಗಳದಲ್ಲಿದ್ದಾಗ ಪಾದ್ರಿಗಳು ನನ್ನನ್ನು ಕರೆದರು. "ಮಾಸ್ಟ್ರೇ, ಹಸನಬ್ಬರು ಎಂಥ ದೊಡ್ಡ ಮನಸ್ಸಿನವರು ನೋಡಿ. ಗಿಡ ಮೊದಲು ಗುರುತಿಸಿದ್ದು ನೀವೇ ಅಂತೆ. ಅದಕ್ಕೆ ನಿಮ್ಮ ಹೆಸರೇ ಇಟ್ಟಿದ್ದಾರೆ."

ನನ್ನ ಎದೆ ಉಬ್ಬಿತು. ಸುತ್ತಲಿದ್ದವರಿಗೂ ಕೇಳಲೆಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ: "ಎಂತ ಹೆಸರು ಫಾದರ್?"

"ಮಾಸ್ಟ್ರ ಕಳೆ."

ಅದರ ಒಂದು ಗೆಲ್ಲನ್ನು ಸಿಸಿಲಿಯಾ ಹಸನಬ್ಬರಲ್ಲಿ ಕೇಳಿ ತಂದು ನಮ್ಮ ಗೇಟಿನ ಬಳಿ ನೆಟ್ಟಳು. ಈಗಲೂ ದಾರಿಹೋಕರು ನಿಂತು ಹೆಸರು ಕೇಳುತ್ತಾರೆ. ಉತ್ತರ ಹೇಳಲು ನಾನು ಅವಳನ್ನೇ ಕರೆಯುತ್ತೇನೆ.