ನಾಳೆರಾಯನ ಒಂದು ದಿನದ ದುಡಿಮೆ

ಬೆಳಿಗ್ಗೆ ಎಂಟಕ್ಕೆ ಬಂದ ಒಂದು ಫೋನು ನಾಳೆರಾಯನ ನೆಮ್ಮದಿಗೆ ಕಲ್ಲು ಹಾಕಿತು. ಮಧ್ಯಾಹ್ನ ಮೂರಕ್ಕೆ ಅಧಿಕಾರಿ ಮೇಡಂ ಜಮೀನು ನೋಡಲು ಬರುತ್ತಾರೆ, ಸಹಾಯಧನದ ಅರ್ಜಿ ಅಲ್ಲೇ ತೀರ್ಮಾನವಾಗುತ್ತದೆ ಎಂದ ಕೃಷಿ ಕಚೇರಿಯ ಗುಮಾಸ್ತ. ಯಾವ ಯೋಜನೆ ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು.

ತಪ್ಪು ಗುಮಾಸ್ತನದಲ್ಲ. ಹೋದ ತಿಂಗಳು ಕಚೇರಿಯ ಗೋಡೆಗೆ ಒಂದರ ಮೇಲೊಂದು ಅಂಟಿಸಿದ್ದ ಯೋಜನೆಗಳನ್ನು ಓದಲು ಬೇಸರವಾಗಿ, ಅರ್ಜಿಯ ಹದಿನಾಲ್ಕು ಚೌಕಕ್ಕೂ ಟಿಕ್ ಹಾಕಿ ಬಂದಿದ್ದ ನಮ್ಮ ನಾಳೆರಾಯ. ಮಣ್ಣು ಉಳಿಸುವುದು, ನೀರು ಉಳಿಸುವುದು, ಮೀನು ಸಾಕುವುದು, ಯಾವುದಾದರೂ ಒಂದು ತಗುಲಿಕೊಳ್ಳಲಿ ಎಂದು. ಊರಿನವರು ಇಟ್ಟ ಈ ಹೆಸರು ತನಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆಂದು ಅವನೇ ಹೇಳಿಕೊಳ್ಳುತ್ತಿದ್ದ. ಮನೆಯ ಹಿಂದಿನ ಅರ್ಧ ಎಕರೆಯನ್ನು ನಾಳೆ ಉಳೋಣ ಎಂದು ಆರು ವರ್ಷ ಬಿಟ್ಟಿದ್ದರಿಂದ ಅಲ್ಲಿ ಆಳೆತ್ತರ ಮುಳ್ಳುಪೊದೆ ಬೆಳೆದಿತ್ತು.

ಈ ಸಲ ಮಾತ್ರ ಸಹಾಯಧನ ಬೇಕೇ ಬೇಕಿತ್ತು. ಬಾವಿಯ ಮೋಟಾರು ಸುಟ್ಟು ವರ್ಷವಾಗಿ, ಹಗ್ಗ ಜಗ್ಗಿ ಜಗ್ಗಿ ಹೆಂಡತಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. "ಇವತ್ತು ಮೋಟಾರಿಗೆ ದಾರಿ ಆಗ್ಲಿಲ್ಲ ಅಂದ್ರೆ ಸಂಜೆಯಿಂದ ಹಗ್ಗ ನಿಮ್ಮ ಕೈಗೆ," ಎಂದಳು. ಆ ಅಂಗೈ ನೋಡಿ ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಅಷ್ಟರಲ್ಲಿ ಸುದ್ದಿ ಬೇಲಿ ದಾಟಿ ಪಕ್ಕದ ಮನೆಯ ಮೇಷ್ಟ್ರನ್ನು ಮುಟ್ಟಿತ್ತು. ಅವರು ನಿವೃತ್ತರಾದದ್ದು ಶಾಲೆಯಿಂದ, ಉಪದೇಶದಿಂದಲ್ಲ. "ಈ ಕಾಡು ನೋಡಿದ್ರೆ ಮೇಡಂ ಜೀಪಿಂದ ಇಳಿಯೋದೂ ಇಲ್ಲ ಕಣಯ್ಯ. ಮೊದಲು ಹಲಗೆ ಒರೆಸು," ಎಂದರು.

ಯಾತಕ್ಕೆ ಬರುತ್ತಾರೆಂದು ಕಚೇರಿಯಲ್ಲಿ ಒಂದು ಮಾತು ಕೇಳಿ ಆಮೇಲೆ ಕತ್ತಿ ಹಿಡಿಯಿರಿ ಎಂದಳು ಹೆಂಡತಿ. ಗಂಡ ಕೆಲಸಕ್ಕೆ ಹೊರಟಾಗ ಹೆಂಡತಿ ಅಡ್ಡ ಬಂದದ್ದು ಆ ಮನೆಯಲ್ಲಿ ಅದೇ ಮೊದಲು. ಅವನು ಕೇಳಲಿಲ್ಲ.

ಮೇಷ್ಟ್ರು ಬೇಲಿಯಾಚೆ ಕುರ್ಚಿ ಹಾಕಿಸಿಕೊಂಡು ಓಣಿಯವರನ್ನೆಲ್ಲ ಕರೆಸಿದರು. ನಾಳೆರಾಯನ ಅಂಗಿ ಮುಳ್ಳಿನ ಪಾಲಾಯಿತು, ಕತ್ತಿ ಹಿಡಿಯಿಂದ ಕಳಚಿ ಬಾವಿಗೆ ಬಿತ್ತು. ಪೊದೆಯೊಳಗಿಂದ ಒಂದು ಏಣಿ ಸಿಕ್ಕಿತು. ಓಣಿಯ ದರ್ಜಿ ಕದ್ದನೆಂದು ನಾಲ್ಕು ವರ್ಷದಿಂದ ಅವನು ಊರೆಲ್ಲ ಹೇಳಿಕೊಂಡು ಬಂದಿದ್ದ ಏಣಿ. ಸಹಾಯಕ್ಕೆ ಬಂದಿದ್ದ ದರ್ಜಿ ಏಣಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, ತನ್ನ ಕುಡುಗೋಲು ಎತ್ತಿಕೊಂಡು ಮನೆಗೆ ಹೋದ.

ಕಡಿದದ್ದನ್ನು ಎಲ್ಲಿ ಹಾಕುವುದು? "ನನ್ನ ಕಡೆಗೇ ಎಸಿ, ಒಲೆಗಾಗುತ್ತೆ," ಎಂದರು ಮೇಷ್ಟ್ರು ಉದಾರವಾಗಿ. ಗೂಡುಗಳ ಸಮೇತ ಪೊದೆಗಳೆಲ್ಲ ಬೇಲಿ ದಾಟಿದವು. ಮೂರು ಗಂಟೆಗೆ ಅರ್ಧ ಎಕರೆ ಬೋಳುತಲೆಯ ಹಾಗೆ ಹೊಳೆಯುತ್ತಿತ್ತು.

ಮೇಡಂ ಬಂದರು. ಅರ್ಜಿಗೆ ಅಂಟಿಸಿದ್ದ ಜಮೀನಿನ ಫೋಟೋ ನೋಡಿದರು, ನೆಲ ನೋಡಿದರು. "ಯಜಮಾನ್ರೇ, ಈ ಪೊದೆ ಎಲ್ಲಿ?"

"ಕಡಿದ್ವಿ ಮೇಡಂ. ಒಂದು ಕಡ್ಡೀನೂ ಬಿಟ್ಟಿಲ್ಲ," ಎಂದ ನಾಳೆರಾಯ ಬೀಗುತ್ತ.

ಮೇಡಂ ಮೆಲ್ಲಗೆ ಆ ಏಣಿಯ ಮೇಲೆ ಕೂತರು. "ಹಕ್ಕಿಗಳಿಗೆ ಪೊದೆ ಉಳಿಸಿದೋರಿಗೆ ಕೊಡೋ ಸಹಾಯಧನ ಇದು. ಆರು ವರ್ಷ ಏನೂ ಮಾಡದೆ ಬಿಟ್ಟೋರು ಸುತ್ತಮುತ್ತ ನೀವೊಬ್ರೇ ಇದ್ರಿ."

ಆರು ವರ್ಷ ಮಲಗಿ ಗಳಿಸಿದ್ದನ್ನು ಆರು ಗಂಟೆ ದುಡಿದು ಕಳೆದೆನಲ್ಲ ಎಂದು ನಾಳೆರಾಯನಿಗೆ ಅಳುವೂ ನಗುವೂ ಒಟ್ಟಿಗೆ ಬಂತು.

ಆಗಲೇ ಬೇಲಿಯಾಚೆ ಚಿಲಿಪಿಲಿ ಕೇಳಿಸಿತು. ದಿಕ್ಕೆಟ್ಟು ಸುತ್ತುತ್ತಿದ್ದ ಹಕ್ಕಿಗಳು ತಮ್ಮ ಗೂಡು ಹುಡುಕಿಕೊಂಡು ಮೇಷ್ಟ್ರ ರಾಶಿಗೆ ಮರಳಿದ್ದವು. ಮೇಡಂ ಎದ್ದು ಹೋಗಿ ನೋಡಿದರು. ಗೂಡಿದ್ದರೆ ಸಹಾಯಧನಕ್ಕೆ ಮುಳ್ಳಿನ ರಾಶಿಯೂ ನಡೆಯುತ್ತದೆ, ಇದು ಯಾರದು ಎಂದರು.

"ನನ್ನದೇ," ಎಂದರು ಮೇಷ್ಟ್ರು ರೆಪ್ಪೆ ಮಿಟುಕಿಸದೆ. "ಮೊದಲಿಂದ ನನಗೆ ಹಕ್ಕಿ ಅಂದ್ರೆ ಪ್ರಾಣ."

ನಾಳೆರಾಯ ಬಾಯಿ ತೆರೆದ. ಹತ್ತು ಜನರೆದುರು ಎಸೆದವನು ತಾನೇ ಎಂಬುದು ನೆನಪಾಗಿ ಮುಚ್ಚಿಕೊಂಡ. ಮೇಡಂ ಮೇಷ್ಟ್ರ ಹೆಸರು ಬರೆದುಕೊಂಡು, ಒಂದು ಷರತ್ತಿದೆ ಎಂದರು: ಹಕ್ಕಿಗಳಿಗೆ ದಿನಾ ಎರಡು ಹೊತ್ತು ತೊಟ್ಟಿ ತುಂಬ ನೀರಿಡಬೇಕು.

ಮೇಷ್ಟ್ರ ಮನೆಯಲ್ಲಿ ಬಾವಿ ಇರಲಿಲ್ಲ. ಅವರು ಬೇಲಿಯ ಈಚೆ ಕೈ ತೋರಿಸಿದರು. "ನಮ್ಮ ಪಕ್ಕದ ಮನೆಯವನು ಸೇದಿ ಕೊಡ್ತಾನೆ. ತುಂಬ ಒಳ್ಳೆಯವನು."

"ನಾಳೆಯಿಂದ..." ಎಂದು ಶುರು ಮಾಡಿದ ನಾಳೆರಾಯ.

ಹೆಂಡತಿ ಹಗ್ಗ ತಂದು ಅವನ ಕೈಯಲ್ಲಿಟ್ಟಳು. "ನಾಳೆ ಅಲ್ಲ ರೀ. ಹಕ್ಕಿಗಳು ಕಾಯ್ತಿವೆ."