ಹೊರಡುವವನ ಚೀಟಿ

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಗೋಡೆಗೆ ಒರಗಿ ಕೂತು ಹರಿದ ಬ್ಯಾಗು ಹೊಲಿಯುವವನ ಮುಂದೆ ನಗೆಯ ಪ್ರಸಂಗಗಳು ದಿನಾ ನಡೆಯುತ್ತಲೇ ಇರುತ್ತವೆ. ನನಗೇ ನಗುವ ಮನಸ್ಸು ಬರುವುದಿಲ್ಲ, ಅಷ್ಟೇ. ಮನೆಯವಳು ತೀರಿಹೋದ ಮೇಲೆ ನನ್ನ ಮುಖ ಹೀಗೇ ನಿಂತುಬಿಟ್ಟಿದೆ. ಜಿಪ್ಪು ಹಾಕಿಸಲು ಬಂದವರು, "ಮನೇಲಿ ಏನಾದ್ರೂ ಆತಾ ಭಾಯ್?" ಎಂದು ಕೇಳುತ್ತಾರೆ. ಆಗಿ ಬಹಳ ಕಾಲವಾಯ್ತು ಎನ್ನುತ್ತೇನೆ.

ನನ್ನ ಪಕ್ಕದಲ್ಲಿ ಶಾಸ್ತ್ರದ ತಾತ ಕೂರುತ್ತಿದ್ದ. ಮೊಳಕಾಲ್ಮೂರು ಕಡೆಯವನು, ಮನೆಮಾತು ತೆಲುಗು. ಮುಂದೆ ಒಂದು ಗಿಳಿ ಪಂಜರ, ಚಿತ್ರ ಬರೆದ ಚೀಟಿಗಳ ಒಂದು ಕಟ್ಟು. ಗಿಳಿ ಆಚೆ ಬಂದು ಕೊಕ್ಕಿನಲ್ಲಿ ಒಂದು ಚೀಟಿ ಎಳೆದು ಕೊಡುತ್ತಿತ್ತು, ತಾತ ಅದರ ಅರ್ಥ ಹೇಳುತ್ತಿದ್ದ. ಅದೇ ಸೀಮೆಯ ಕೊಂಡ್ಲಹಳ್ಳಿಯಲ್ಲಿರುವ ಅವನ ಮಗಳು ಮಾತ್ರ, "ಅಲ್ಲಿ ಬಿಸಿಲಾಗೆ ಒಣಗಿದ್ದು ಸಾಕು, ಬಂದು ನಮ್ಮನೇಲಿರು" ಎಂದು ಫೋನಿನಲ್ಲಿ ಕಾಡುತ್ತಲೇ ಇದ್ದಳು. ಅವನು ಎಲ್ಲಿ ಹೂಂ ಅಂದುಬಿಡುತ್ತಾನೋ ಎಂಬುದೇ ನನ್ನ ಚಿಂತೆ. ಸಾಯಂಕಾಲ ಮನೆಗೆ ಹೋದರೆ ನನ್ನ ಜೊತೆ ಮಾತಾಡುವ ಜೀವವಿಲ್ಲ. ದಿನದ ಮಾತೆಲ್ಲ ಆಡಿ ಮುಗಿಸಬೇಕಾದದ್ದು ಈ ತಾತನ ಜೊತೆಯೇ.

ಮೊದಲು ಅರ್ಥ, ಆಮೇಲೆ ಬಸ್ಸು

ಕಟ್ಟಿನಲ್ಲಿ ಹಾವು, ಕಮಲ, ಆನೆ, ಸಿಂಹಾಸನದ ರಾಜ, ಹೀಗೆ ಬೇಕಾದಷ್ಟು ಚೀಟಿಗಳಿದ್ದವು. ತಾತನಿಗೆ ಪ್ರೀತಿಯದು ಹೊರಡುವವನ ಚೀಟಿ. ಹೆಗಲ ಮೇಲೆ ಗಂಟು ಹೊತ್ತ ಒಬ್ಬ ಗಂಡಸು, ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಆಚೆ. ಅದು ಬಂದರೆ ತಾತ ಬೆನ್ನು ನೆಟ್ಟಗೆ ಮಾಡಿಕೊಂಡು ಶುರು ಮಾಡುತ್ತಿದ್ದ.

"ನಿನ್ ಜೀವನದಾಗೆ ಹೊರಡೋ ಕಾಲ ಬಂದೈತೆ. ಇಷ್ಟು ದಿನ ನೀನು ನಿಂತ ನೀರು. ಒಂದ್ ಕಾಲು ಆಗ್ಲೇ ಆಚೆ ಇಟ್ಟಿದೀಯ. ಒಳಗಿರೋದು ಭಯದ ಕಾಲು. ಅದನ್ನ ಎತ್ತಪ್ಪ, ಎತ್ತು."

ಪರಶುರಾಂಪುರದಿಂದ ಕುರಿ ಮಾರಲು ಬಂದಿದ್ದ ಒಬ್ಬನಿಗೆ ಈ ಚೀಟಿ ಬಂತು. ತಾತ ಅವನ ಹುಟ್ಟು, ಬಾಲ್ಯ, ಅಣ್ಣತಮ್ಮಂದಿರ ಜಗಳ ಎಲ್ಲ ದಾಟಿಕೊಂಡು ಬಂದು, ಇನ್ನು ಹೊರಡು ಎನ್ನುವಷ್ಟರಲ್ಲಿ ಆ ಮನುಷ್ಯನ ಕಣ್ಣು ತುಂಬಿತ್ತು. ಟವೆಲಿನಿಂದ ಮುಖ ಒರೆಸಿಕೊಂಡು ಗಟ್ಟಿ ಮನಸ್ಸು ಮಾಡಿ ಎದ್ದು ತಿರುಗಿದರೆ, ಪರಶುರಾಂಪುರದ ಬಸ್ಸು ರಸ್ತೆಗೆ ಇಳಿದಾಗಿತ್ತು.

"ತಾತಾ, ನನ್ ಬಸ್ಸು ಹೋತಲ್ಲ."

"ಅದಕ್ಕೂ ಇದೇ ಚೀಟಿ ಬಂದಿತ್ತು ಅಂತ ಕಾಣುತ್ತೆ ಕಣಪ್ಪ. ಅರ್ಥ ಕೇಳಕ್ಕೆ ಅದು ನಿಲ್ಲಲಿಲ್ಲ."

ಬಾಗಿಲು ತೆಗೆದವರು

ಗಿಳಿ ಸಾಕುವುದು ಕಾನೂನಿಗೆ ವಿರುದ್ಧ ಎಂದು ಅರಣ್ಯ ಇಲಾಖೆಯ ಗಾರ್ಡ್ ಮೊದಲೇ ತಿಳಿಸಿ ಹೋಗಿದ್ದರು. ಒಳ್ಳೆಯ ಮನುಷ್ಯ, ದರ್ಪ ಮಾಡಲಿಲ್ಲ. ಮತ್ತೆ ಬಂದಾಗ, "ನೀನೇ ಬಾಗಿಲು ತೆಗೆದು ಬಿಟ್ಬಿಡು ತಾತ, ಅದು ಹಾರಿ ಹೋಗ್ಲಿ" ಎಂದರು. ತಾತನ ಕೈ ಏಳಲಿಲ್ಲ. ಕೊನೆಗೆ ಅವರೇ ಕುಕ್ಕರಗಾಲಲ್ಲಿ ಕೂತು ಪಂಜರದ ಬಾಗಿಲು ಮೇಲೆತ್ತಿದರು. ಸುತ್ತ ಜನ ಸೇರಿದರು.

ಗಿಳಿ ಆಚೆ ಬಂತು. ಆಕಾಶದ ಕಡೆ ತಲೆ ಕೂಡ ಎತ್ತಲಿಲ್ಲ. ನೇರ ಕಟ್ಟಿನ ಹತ್ತಿರ ನಡೆದು, ಒಂದು ಚೀಟಿ ಎಳೆದು ಗಾರ್ಡ್ ಅವರ ಬೂಟಿನ ಮುಂದಿಟ್ಟು, ತಿರುಗಿ ಪಂಜರದೊಳಗೆ ಹೋಗಿ ನವಣೆ ಕಾಳಿಗೆ ಬಾಯಿ ತೆರೆದು ನಿಂತಿತು. ಹುಟ್ಟಿದಾಗಿನಿಂದ ಬಾಗಿಲು ತೆರೆದರೆ ಅದು ಮಾಡಿದ್ದು ಅದೊಂದೇ ಕೆಲಸ.

ಗಾರ್ಡ್ ಚೀಟಿ ಎತ್ತಿ ನೋಡಿದರು. ಹೊರಡುವವನ ಚೀಟಿ. "ಇದು ಗಿಳಿಗೋ, ನನಗೋ?" ಎಂದು ಪೆಚ್ಚಾಗಿ ಕೇಳಿದರು.

"ಬಾಗಿಲು ತೆಗೆದೋರು ನೀವು, ನಿಮಗೇ ಸ್ವಾಮಿ" ಎಂದ ತಾತ. "ಆದ್ರೆ ನೀವು ಒಬ್ರೇ ಹೊರಡಂಗಿಲ್ವಲ್ಲ, ಅದನ್ನೂ ಕರ್ಕೊಂಡು ಹೋಗ್ರಿ."

ಜನ ಗೊಳ್ಳೆಂದು ನಕ್ಕರು. ಗಾರ್ಡ್ ಪಂಜರ ಎತ್ತಿಕೊಂಡು ಜೀಪು ಹತ್ತಿದರು. ತಾತ ಅವತ್ತು ಊಟದ ಡಬ್ಬಿ ಬಿಚ್ಚಲಿಲ್ಲ. ಮೇಲಂಗಿ ಜೇಬಿನಲ್ಲಿ ಉಳಿದಿದ್ದ ನವಣೆಯನ್ನು ಬೆರಳಿನಿಂದ ಆಡಿಸುತ್ತಾ ಕೂತಿದ್ದ. ನನಗೂ ಸೂಜಿ ಹಿಡಿಯಲು ಆಗಲಿಲ್ಲ.

ಊರು ಬಿಟ್ಟ ಬ್ಯಾಗು

ಆಮೇಲೆ ಗಿರಾಕಿಗಳೇ ತಮ್ಮ ಕೈಯಾರೆ ಚೀಟಿ ತೆಗೆಯತೊಡಗಿದರು. ಶೇಂಗಾ ಎಣ್ಣೆ ಮಿಲ್ಲಿನ ಮನೆತನದ ಒಬ್ಬ ಯಜಮಾನರಿಗೆ ಅಪ್ಪನ ನೆರಳಿನಿಂದ ಆಚೆ ಬಂದು ಮೊಳಕಾಲ್ಮೂರಿನಲ್ಲಿ ಸ್ವಂತ ರೇಷ್ಮೆ ಸೀರೆ ಅಂಗಡಿ ಹಾಕುವ ಆಸೆ. ತಾತ, "ಹೊರಡೋ ಕಾಲ ಬಂದೈತೆ, ಇವತ್ತೇ ಒಳ್ಳೇ ಗಳಿಗೆ" ಎಂದ. ಇವತ್ತೇ ಹೇಗಾಗುತ್ತೆ ಎಂದು ಅವರು ತಡವರಿಸಿದರು.

ಅದಕ್ಕೆ ಹಿಂದಿನವರು ಉಪಾಯ ಮಾಡಿಟ್ಟಿದ್ದಾರೆ. ಒಳ್ಳೆಯ ಗಳಿಗೆಯಲ್ಲಿ ಮನುಷ್ಯ ಹೊರಡಲು ಆಗದಿದ್ದರೆ ಅವನ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ಯಜಮಾನರು ಬ್ಯಾಗು ತುಂಬಿಸಿ ತಂದು ನನ್ನ ಹತ್ತಿರ ಇಟ್ಟು, "ನಾನು ಹೊರಟಾತು ಭಾಯ್" ಎಂದು ಹೆಮ್ಮೆಯಿಂದ ಮನೆಗೆ ಹೋದರು.

ಮರುದಿನ ಬಾಚಣಿಗೆ ಬೇಕೆಂದು ಬಂದರು. ಆಮೇಲೆ ಟವೆಲು, ಆಮೇಲೆ ಅಪ್ಪ ಬೈಯುತ್ತಾರೆ ಎಂದು ಹೊಸ ಪಂಚೆ. ಒಂದೊಂದಾಗಿ ಅವರ ಸಾಮಾನೆಲ್ಲ ವಾಪಸ್ಸು ಹೋಯಿತು. ಕೊನೆಗೊಂದು ದಿನ ಅವರ ಹೆಂಡತಿ ಬಂದರು.

"ನಮ್ಮನೆಯವ್ರು ಊರು ಬಿಟ್ಟು ಬಂದು ಇಲ್ಲೇ ಇದಾರಂತಲ್ಲ ಭಾಯ್."

"ಹೌದ್ರಿ" ಎಂದು ಖಾಲಿ ಬ್ಯಾಗು ತೋರಿಸಿದೆ.

ಅವರು ಅದನ್ನು ಎತ್ತಿ ಒಮ್ಮೆ ಕೊಡವಿ ನೋಡಿದರು. "ಅಯ್ಯೋ, ಎಷ್ಟು ಸೊರಗಿದಾರೆ. ಕರ್ಕೊಂಡು ಹೋಗ್ತೀನಿ ಬಿಡ್ರಿ" ಎಂದು ಬ್ಯಾಗನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದರು.

ಹಾವು

ಸಿದ್ದಾಪುರದ ಕಡೆಯ ಹೊಸ ಗಂಡಹೆಂಡತಿ ಬಂದು ಕೂತರು. ಹುಡುಗಿ ಚೀಟಿ ತೆಗೆದು ಕೊಟ್ಟಳು. ತಾತ ಅದರ ಮೇಲೆ ಹೆಬ್ಬೆರಳು ಆಡಿಸಿ, "ಹೊರಡೋ ಕಾಲ ಬಂದೈತೆ ತಾಯಿ" ಎಂದು ಶುರು ಮಾಡಿದ. ನಾನು ಕೂತಲ್ಲಿಂದ ನೋಡುತ್ತಿದ್ದೆ. ತಾತನ ಕೈಯಲ್ಲಿದ್ದದ್ದು ಹೆಡೆ ಎತ್ತಿದ ಹಾವು, ಅದೂ ತಲೆಕೆಳಗಾಗಿ.

ಹುಡುಗಿಯೂ ನೋಡಿದಳು. "ತಾತಾ, ಇದ್ರಾಗೆ ಹಾವು ಐತಲ್ಲ."

ತಾತ ಉಸಿರು ಕೂಡ ಎಳೆದುಕೊಳ್ಳಲಿಲ್ಲ. "ಹೌದಮ್ಮ, ಹಾವು ಕಂಡ್ರೆ ಯಾರಾದ್ರೂ ನಿಲ್ತಾರಾ? ಹೊರಡಲೇಬೇಕು."

ಅವರು ಹೋದ ಮೇಲೆ, ಯಾವಾಗಿನಿಂದ ಕಾಣುತ್ತಿಲ್ಲ ಎಂದು ಮೆಲ್ಲಗೆ ಕೇಳಿದೆ. ಗಿಳಿ ಇದ್ದಾಗಲೇ ಮಬ್ಬಾಗುತ್ತಾ ಬಂದಿತ್ತಂತೆ. ಕಣ್ಣಿನ ನರವೇ ಒಣಗಿದೆ, ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆಗಿನಿಂದ ಆನೆ ಬರಲಿ, ಕಮಲ ಬರಲಿ, ತಾತ ಎಲ್ಲರಿಗೂ ಹೇಳುತ್ತಿದ್ದದ್ದು ಹೊರಡುವವನ ಅರ್ಥ ಒಂದೇ.

"ಯಾಕೆ ತಾತ, ಅದನ್ನೇ ಯಾಕೆ ಹೇಳ್ತೀಯ?"

"ಬಸ್ ಸ್ಟ್ಯಾಂಡಿಗೆ ಬಂದೋನಿಗೆ ನೀನು ಹೊರಡ್ತೀಯ ಅಂದ್ರೆ, ಯಾವತ್ತಾದ್ರೂ ತಪ್ಪಾಗುತ್ತಾ ಭಾಯ್?" ಎಂದ. ಆಮೇಲೆ ಧ್ವನಿ ತಗ್ಗಿಸಿ, "ಮಗಳಿಗೆ ಮಾತ್ರ ತಿಳಿಬಾರ್ದು. ತಿಳಿದ್ರೆ ಎತ್ಕೊಂಡು ಹೋಗ್ತಾಳೆ" ಎಂದ. ನಾನು ಯಾಕೆ ಹೇಳಲಿ? ಅವನಿಗಿಂತ ಹೆಚ್ಚು ಭಯ ನನಗಿತ್ತು.

ತಾತನ ಚೀಟಿ

ಮಗಳು ಹೇಳದೆ ಕೇಳದೆ ಬಂದಳು. ಬಸ್ಸಿಳಿದು ಬಂದವಳು ಅಪ್ಪನ ಮುಂದೆ ನಿಂತಳು. ತಾತ ತಲೆ ಎತ್ತಿ, "ಕೂತ್ಕೋ ತಾಯಿ, ಚೀಟಿ ತೆಗಿ" ಎಂದ. ಅವಳ ಮುಖದ ಬಣ್ಣ ಹೋಯಿತು. ನನ್ನ ಕಡೆ ನೋಡಿದಳು. ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಅವಳು ಮಾತಾಡದೆ ಕೂತು, ಒಂದು ಚೀಟಿ ತೆಗೆದು ಅಪ್ಪನ ಕೈಯಲ್ಲಿಟ್ಟಳು.

"ನಿನ್ ಜೀವನದಾಗೆ ಹೊರಡೋ ಕಾಲ ಬಂದೈತೆ" ಎಂದ ತಾತ.

"ಹೌದು ನಾಯನಾ" ಎಂದಳು ಮಗಳು, ಅಳು ನುಂಗಿಕೊಂಡು. "ಎದ್ದೇಳು, ಗಂಟು ಕಟ್ಟು."

ತಾತ ಏಳಲಿಲ್ಲ, ಚೀಟಿಯನ್ನು ಮತ್ತೆ ಕಟ್ಟಿಗೆ ಸೇರಿಸಿದ. ಆಮೇಲೆ, "ಅದು ನೀನು ತೆಗ್ದಿದ್ದು, ನಿನ್ ಚೀಟಿ. ನನ್ನದು ನಾನೇ ತೆಗಿಬೇಕು. ಏನು ಬಂದ್ರೆ ಹಂಗೆ" ಎಂದು ಕಟ್ಟನ್ನು ಕಲಸಿದ. ಅಷ್ಟು ವರ್ಷ ಪಕ್ಕದಲ್ಲಿ ಕೂತಿದ್ದರೂ ಅವನು ತನಗಾಗಿ ಚೀಟಿ ತೆಗೆದದ್ದನ್ನು ನಾನು ನೋಡಿರಲಿಲ್ಲ. ತೆಗೆದು ಮಗಳಿಗೆ ಕೊಡಲಿಲ್ಲ, ನನ್ನ ಕಡೆ ಚಾಚಿದ.

"ನೋಡು ಭಾಯ್. ಊರೋರಿಗೆ ಅಂದಾಜಿನಾಗೆ ಹೇಳ್ತೀನಿ. ನನ್ನದಾದ್ರೂ ನಿಜ ತಿಳೀಬೇಕಲ್ಲ."

ನೋಡಿದೆ. ಹೆಗಲ ಮೇಲೆ ಗಂಟು, ಒಂದು ಕಾಲು ಒಳಗೆ, ಒಂದು ಕಾಲು ಆಚೆ. ಎಲ್ಲರಿಗೂ ಸುಳ್ಳು ಹೇಳಿ ಹಂಚಿದ ಚೀಟಿ ಅವನಿಗೆ ನಿಜವಾಗಿ ಬಂದಿತ್ತು. ಇವನು ಹೋದರೆ ನಾಳೆ ಬೆಳಿಗ್ಗೆ ನಾನು ಯಾರ ಜೊತೆ ಟೀ ಕುಡಿಯಲಿ?

"ತೊಟ್ಟಿಲು ಬಂದೈತೆ ತಾತ" ಎಂದೆ. "ಇರೋ ಜಾಗದಾಗೇ ಇರು, ಕೂತಲ್ಲೇ ನೆಮ್ಮದಿ ಐತೆ ಅಂತ ಅರ್ಥ. ಜಾಗ ಬಿಟ್ರೆ ಆರೋಗ್ಯಕ್ಕೆ ಒಳ್ಳೇದಲ್ಲ. ಪಕ್ಕದಾಗಿರೋರಿಗೂ ಒಳ್ಳೇದಲ್ಲ."

ತಾತ ಕೈ ಚಾಚಿ ನನ್ನ ಭುಜ ಹುಡುಕಿ ಹಿಡಿದುಕೊಂಡ. ಅವನ ಮೈಯೆಲ್ಲ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ, ನೋಡಿದರೆ ನಗುತ್ತಿದ್ದ.

"ನನ್ ಕಟ್ಟಿನಾಗೆ ತೊಟ್ಟಿಲೇ ಇಲ್ಲ ಭಾಯ್. ಅದನ್ನ ಮೇಕೆ ತಿಂದು ಎಷ್ಟೋ ಕಾಲ ಆತು."

ಮಗಳು ಅವನ ತೋಳು ಹಿಡಿದು ಎಬ್ಬಿಸಿದಳು. ಮೊಳಕಾಲ್ಮೂರಿನ ಬಸ್ಸು ಆಗಲೇ ಇಂಜಿನ್ ಶುರು ಮಾಡಿ ನಿಂತಿತ್ತು. ನಾನು ಇನ್ನೂ ಕೂತೇ ಇದ್ದೆ, ಎದ್ದರೆ ಅತ್ತುಬಿಡುತ್ತೇನೆಂದು. ತಾತ ಎರಡು ಹೆಜ್ಜೆ ಹೋದವನು ತಿರುಗಿ ಬಂದು, ತಡಕಾಡಿ, ಚೀಟಿಗಳ ಕಟ್ಟನ್ನು ನನ್ನ ಮಡಿಲಿಗೆ ಹಾಕಿದ.

"ಇಟ್ಕೋ. ಕಣ್ಣು ಹೋದ ಮೇಲೆ ನಾನು ಕಲ್ತಿದ್ದನ್ನ ನೀನು ಕಣ್ಣಿದ್ದೇ ಕಲ್ತಿದೀಯ. ಬ್ಯಾಗ್ ಹೊಲಿಯೋದು ಬಿಟ್ಬಿಡು."