ಗ್ರೀಕರ ದೇವರು ಬಮ್ಮಿಗಟ್ಟಿಗೆ ಬಂದದ್ದು

ಬಮ್ಮಿಗಟ್ಟಿಯ ಮಠದಲ್ಲಿ ಶ್ರಾವಣ ತಿಂಗಳಿಡೀ ಪುರಾಣ ನಡೆಯುತ್ತಿತ್ತು. ಎಪ್ಪತ್ನಾಲ್ಕನೆಯ ಇಸವಿಯ ಶ್ರಾವಣದ ಎರಡನೆಯ ಸೋಮವಾರ, ಪುರಾಣ ಹೇಳುವ ಶಾಸ್ತ್ರಿಗಳು ಬೀಗರ ಮನೆಯ ಸಾವಿಗೆ ಹೋಗಬೇಕಾಗಿ ಬಂತು. ಒಂದು ದಿನವೂ ಪುರಾಣ ತಪ್ಪುವಂತಿರಲಿಲ್ಲ. ಹೈಸ್ಕೂಲು ನಡೆಸುವ ಸಂಸ್ಥೆಯ ಯಜಮಾನರೆನಿಸಿದ್ದ ಮಡಿವಾಳೆಪ್ಪ ಸಾಹುಕಾರರು ಮಠದ ಒಳಗೆಲ್ಲ ಕಣ್ಣು ಹಾಯಿಸಿದರು. ಕಂಬದ ಹಿಂದೆ ಸರಿಯುತ್ತಿದ್ದ ಇಂಗ್ಲಿಷ್ ಮಾಸ್ತರ ಏಕನಾಥ ಸಿಕ್ಕಿಬಿದ್ದ.

"ಮಾಸ್ತರ, ದಪ್ಪ ದಪ್ಪ ಪುಸ್ತಕ ಓದ್ತೀರಿ. ಇವತ್ತೊಂದಿನ ನೀವ ಹೇಳ್ರಿ."

"ನನಗ ನಮ್ಮ ಪುರಾಣ ಬರೂದಿಲ್ರಿ. ಗ್ರೀಕರ ದೇವರ ಕತಿ ಅಷ್ಟ ಗೊತ್ತದ."

"ಯಾವ ಊರಿನಾಂವ ಆದ್ರೇನು, ದೇವರು ದೇವರ. ಕುಂಡ್ರಿ."

ಇಲ್ಲವೆನ್ನುವ ಧೈರ್ಯ ಏಕನಾಥನಿಗಿರಲಿಲ್ಲ. ಮೂರು ವರ್ಷದಿಂದ ಅವನು ಹಂಗಾಮಿ ಮಾಸ್ತರ. ಅವನನ್ನು ಕಾಯಂ ಮಾಡುವ ಕಾಗದಕ್ಕೆ ಅವತ್ತೇ ಸಂಜೆ ಸಹಿ ಬೀಳುವುದಿತ್ತು. ಆ ಸಹಿ ನೋಡದೆ ಮಗಳು ವತ್ಸಲಾಳನ್ನು ಕೊಡುವುದಿಲ್ಲವೆಂದು ಸಂಶಿಯ ಪಾಂಡುರಂಗರಾಯರು ಖಡಾಖಂಡಿತ ಹೇಳಿದ್ದರು. ಗುರುವಾರ ಅವಳನ್ನು ನೋಡಲು ಇನ್ನೊಬ್ಬ ವರ ಬರುವವನಿದ್ದ. ಅವನು ಅಂಚೆ ಇಲಾಖೆಯವನು, ಹುಟ್ಟಿದಾಗಿನಿಂದಲೇ ಕಾಯಂ ಇದ್ದಾನೇನೋ ಎನ್ನುವಂಥ ಮನುಷ್ಯ.

ಏಕನಾಥ ಶಾಸ್ತ್ರಿಗಳ ಮಣೆಯ ಮೇಲೆ ಕೂತು ಶುರು ಮಾಡಿದ. ಗ್ರೀಕರ ದೇವರೆಲ್ಲ ಒಂದು ದೊಡ್ಡ ಗುಡ್ಡದ ಮೇಲಿದ್ದಾರೆ. ದೇವರಾಜನ ಕೈಯಲ್ಲಿ ಸಿಡಿಲು. ಒಮ್ಮೆ ಅವನ ತಲೆಯೊಳಗಿಂದ ಒಬ್ಬ ಮಗಳು ಹುಟ್ಟಿದಳು.

ಹುಟ್ಟಿದಳು ಎಂದದ್ದೇ ತಡ, ಮಠದ ಬಾಜೂಮನೆಯ ಗುರವ್ವ ಎದ್ದು ನಿಂತಳು. ಆ ಊರಿನ ಪುರಾಣದಲ್ಲಿ ಯಾರು ಹುಟ್ಟಿದರೂ ತೊಟ್ಟಿಲು ಕಟ್ಟಿ ಜೋಗುಳ ಹಾಡಬೇಕು, ಯಾರ ಮದುವೆಯಾದರೂ ಅಕ್ಕಿಕಾಳು ಹಾಕಬೇಕು. ಮಠದ ಬಣ್ಣದ ತೊಟ್ಟಿಲು ಆಗಲೇ ಕೊಂಡಿಗೆ ಏರಿತ್ತು, ಹೆಂಗಸರು ಜೋಗುಳ ಎತ್ತಿಕೊಂಡಿದ್ದರು.

"ಕೂಸು ಯಾವಾಗ ಹಾಕೂದ್ರಿ ಮಾಸ್ತರ?"

"ಆಕಿ ಕೂಸಲ್ಲ ಗುರವ್ವ. ಹುಟ್ಟಿದಾಗನ ಆಳೆತ್ತರ ಇದ್ಲು. ಕೈಯಾಗ ಭರ್ಚಿ ಇತ್ತು."

ಗುರವ್ವ ತೊಟ್ಟಿಲನ್ನು ಅಳತೆ ಮಾಡುವಂತೆ ನೋಡಿದಳು. "ಭರ್ಚಿ ಬಾಜೂಕ ಇಡೂಣು. ತಾಯಿ ಎಲ್ಲದಾಳ?"

"ತಾಯಿನ್ನ ದೇವರಾಜ ನುಂಗಿಬಿಟ್ಟಿದ್ದ."

ಹೆಂಗಸರು ಜೋಗುಳ ನಿಲ್ಲಿಸಲಿಲ್ಲ, ಸ್ವಲ್ಪ ನಿಧಾನ ಮಾಡಿದರು.

ಮೂರು ವರ್ಷದಲ್ಲಿ ತನ್ನ ಮಾತನ್ನು ಯಾರಾದರೂ ಇಷ್ಟು ಗಮನವಿಟ್ಟು ಕೇಳಿದ್ದು ಇದೇ ಮೊದಲು. ಏಕನಾಥನಿಗೆ ಹುರುಪು ಬಂತು. ಈ ದೇವರಿಗೂ ನಮ್ಮ ಹಾಗೆ ಹೊಟ್ಟೆಕಿಚ್ಚು, ಸಿಟ್ಟು, ಸುಳ್ಳು ಎಲ್ಲ ಉಂಟು ಎಂದ. ಹುಬ್ಬು ಅಲುಗಿಸಿದರೆ ಇಡೀ ಗುಡ್ಡವೇ ನಡುಗುವಂಥ ದೇವರಾಜ ಈಗಿನ ಹೆಂಡತಿ ದೇವರಾಣಿಗೆ ಮಾತ್ರ ಹೆದರುತ್ತಾನೆ ಎಂದ. ಯಾರ ಜೊತೆ ಏನು ಮಾತಾಡಿದೆ ಎಂದು ಆಕೆ ಕೇಳಿದರೆ ತಡವರಿಸುತ್ತಾನೆ. ಬೇರೆ ಹೆಂಗಸರ ಬಳಿ ಹೋಗುವಾಗ ಗುರುತು ಸಿಗಬಾರದೆಂದು ಗೂಳಿಯ ವೇಷ ಹಾಕುತ್ತಾನೆ.

ಇಡೀ ಮಠ ತಿರುಗಿ ಮಡಿವಾಳೆಪ್ಪನವರನ್ನು ನೋಡಿತು. ಅವರು ಶಾಲಿನ ಅಂಚಿನ ದಾರ ಎಣಿಸುತ್ತಿದ್ದರು. ಹೆಂಗಸರ ಸಾಲಿನಲ್ಲಿ ಅವರ ಹೆಂಡತಿ ಸಾವಿತ್ರೆವ್ವ ಎವೆಯಿಕ್ಕದೆ ಕೇಳುತ್ತಿದ್ದರು.

ಮಧ್ಯಾಹ್ನ ಗೋದಿ ಹುಗ್ಗಿಯ ಪಂಕ್ತಿಯಲ್ಲಿ ಡ್ರಿಲ್ ಮಾಸ್ತರ ಈರಪ್ಪ ಏಕನಾಥನ ಪಕ್ಕ ಬಂದು ಕೂತ.

"ಏನ್ ಮಾಡಿದ್ರಿ ಮಾರಾಯ್ರ? ಸಾಹುಕಾರ್ರು ಎರಡನೇ ಸಲ ಹುಗ್ಗಿ ಹಾಕಿಸ್ಕೊಳ್ಳಲಿಲ್ಲ."

"ನಾ ಗ್ರೀಕರ ಬಗ್ಗೆ ಹೇಳಿದ್ನೆಲ್ಲಾ."

"ಈ ಊರಾಗ ಗ್ರೀಕರು ಯಾರಿಗ್ ಗೊತ್ತದಾರ? ಸಾಹುಕಾರ್ರು ಎಲ್ಲಾರಿಗೂ ಗೊತ್ತದಾರ. ಸಹಿ ಬೇಕಾಗಿದ್ರ, ಆ ದೇವರಾಜನ ಕಡಿಂದ ಹೆಂಡ್ತಿಗೆ ಒಂದೀಟು ಜೋರು ಮಾಡಸ್ರಿ. ಅಂಥಾದ್ದೊಂದು ಕತಿ ಐತೋ ಇಲ್ಲೋ?"

ಇತ್ತು. ಇರದಿದ್ದರೆ ಒಳ್ಳೆಯದಿತ್ತು.

ಮಧ್ಯಾಹ್ನದ ನಂತರ ಏಕನಾಥ ಅದನ್ನೇ ಹೇಳಿದ. ಸಿಟ್ಟಿಗೆದ್ದ ದೇವರಾಜ ಹೆಂಡತಿಯ ಕೈಗೆ ಬಂಗಾರದ ಸರಪಳಿ ಬಿಗಿದು, ಕಾಲಿಗೆ ಕಮ್ಮಾರರ ಎರಡು ಅಡಗಲ್ಲು ಕಟ್ಟಿ, ಆಕೆಯನ್ನು ಆಕಾಶದಿಂದ ಜೋತುಬಿಟ್ಟ. ಗಂಡಸರ ಸಾಲಿನಲ್ಲಿ ತಲೆಗಳು ಆಡಿದವು. ಮಡಿವಾಳೆಪ್ಪನವರ ಕುತ್ತಿಗೆ ಎರಡು ಬೆರಳು ಮೇಲೆದ್ದಿತು, ಕೈ ಮೀಸೆಗೆ ಹೋಯಿತು. ಆ ಸಂತೋಷ ಸಂಜೆಯ ತನಕ ಕೆಡದೆ ಇರಲಿ ಎಂದು ಏಕನಾಥ ಅಲ್ಲಿಗೇ ಕತೆ ನಿಲ್ಲಿಸಿ ಮಂಗಳಾರತಿಗೆ ಸನ್ನೆ ಮಾಡಿದ.

ಸಂಜೆ ಏಕನಾಥ ಸಾಹುಕಾರರ ಮನೆಗೆ, ಆ ದೊಡ್ಡ ವಾಡೆಗೆ, ಹೋದಾಗ ಅವರು ತಾವೇ ಕುರ್ಚಿ ತೋರಿಸಿದರು. ಮೇಜಿನ ಮೇಲೆ ಕಾಗದವಿತ್ತು, ಪೆನ್ನಿತ್ತು.

"ಛಲೋ ಹೇಳಿದ್ರಿ ಮಾಸ್ತರ. ದೇವರಂದ್ರ ಹಂಗಿರಬೇಕು." ಅವರು ಅಡುಗೆಮನೆಯ ಕಡೆ ತಿರುಗಿದರು. "ಏ ಇವಳ, ಒಂದ್ ಸಹಿ ಹಾಕ ಬಾ."

ಏಕನಾಥನಿಗೆ ಅರ್ಥವಾಗಲಿಲ್ಲ.

"ಹ್ವಾದ ತಿಂಗಳ ನಾ ಸೊಸಾಯಿಟಿ ಚೇರ್‍ಮನ್ ಆದ್ನೆಲ್ಲ, ಎರಡೂ ಕುರ್ಚಿ ಒಬ್ಬಗ ಬ್ಯಾಡ ಅಂದ್ರು. ಸಂಸ್ಥಾದ ಅಧ್ಯಕ್ಷಿ ಈಗ ಈಕೀನ."

ಸಾವಿತ್ರೆವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತರು. ಕಾಗದವನ್ನು ಎರಡು ಸಲ ಓದಿದರು. ಪೆನ್ನು ಮುಟ್ಟಲಿಲ್ಲ.

"ಮಾಸ್ತರ, ಆಕಿ ಕೆಳಗ ಇಳದಳೇನು?"

"ಯಾರ್ರಿ ಅವ್ವಾರ?"

"ದೇವರಾಣಿ."

"ಇಳದ್ಲರಿ. ಆಮ್ಯಾಲೆ ಅವರಿಬ್ಬರೂ ಛಲೋನ ಇದ್ರು."

"ನನ್ನ ಮುಂದ ಹೇಳಿದ್ರ ಇಳದಂಗ ಆಗೂದಿಲ್ಲ. ಮಠದಾಗ ಎಲ್ಲಾರ ಮುಂದ ಜೋತುಬಿಟ್ಟೀರಿ, ಅಲ್ಲೇ ಇಳಸಬೇಕು. ಪುರಾಣ ಅಮಂಗಳ ಜಾಗಾದಾಗ ನಿಲ್ಲಸಬಾರದು ಅಂತ ಯಾರರೆ ಹೇಳಿಲ್ಲೇನು ನಿಮಗ? ಊರಾಗಿನ ಹೆಣ್ಮಕ್ಕಳೆಲ್ಲಾ ಹೊಟ್ಟ್ಯಾಗ ಸಂಕಟ ಇಟ್ಕೊಂಡು ಮನಿಗೆ ಹೋಗ್ಯಾರ."

"ನಾಳೆನ ಇಳಸ್ತೀನ್ರಿ."

"ನಾಳೆ ಶಾಸ್ತ್ರಿಗಳು ಬರ್ತಾರ. ಅವರ ಪುರಾಣದ ನಡಕ ನಿಮ್ಮ ದೇವರು ಬ್ಯಾಡ. ಮುಂದಿನ ಶ್ರಾವಣದಾಗ ಒಂದಿನ ಕೊಡಸ್ತೀನಿ. ಆಕಿನ್ನ ಇಳಸ್ರಿ, ಅವತ್ತ ಸಹಿ ಹಾಕ್ತೀನಿ."

ಏಕನಾಥ ಕಾಗದವನ್ನು ಅವರ ಕಡೆಗೆ ಸರಿಸಿದ. "ಅಲ್ಲೀತನಕಾ ಸಂಶಿ ಹುಡುಗಿ ಇನ್ನೊಬ್ಬರ ಮನಿ ಸೇರತಾಳ್ರಿ ಅವ್ವಾರ."

"ಸೇರಲಿ. ನೆಲದ ಮ್ಯಾಲರೆ ಇರತಾಳ." ಸಾವಿತ್ರೆವ್ವ ಎದ್ದರು. "ಮುಂಜಾನಿ ನಿಮ್ಮ ದೇವರಾಜನ ಬಣ್ಣ ಬಯಲು ಮಾಡಿದಾಗನ ನಾ ಸಹಿ ಹಾಕಬೇಕಂತ ಮಾಡಿದ್ನಿ."

ಅವರು ಒಳಗೆ ಹೋದರು. ಏಕನಾಥ ದೈನ್ಯದಿಂದ ಸಾಹುಕಾರರ ಮುಖ ನೋಡಿದ. ಅವರು ಪೆನ್ನಿಗೆ ಟೊಪ್ಪಿಗೆ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಬಾಗಿಲ ತನಕ ಕಳಿಸಲು ಬಂದು, ಒಮ್ಮೆ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು.

"ಮುಂಜಾನಿ ಹೇಳಿದ್ದ ಖರೆ ಇತ್ರಿ ಮಾಸ್ತರ. ಅಷ್ಟಕ್ಕ ಬಿಡಬೇಕಿತ್ತು."